ಕೊಡೆಕಡ್ಡಿಯ ಮುಕ್ಕುಚಂದ್ರ

ಮುರಿದ ಕೊಡೆಯನ್ನು ಎಸೆಯುವ ವಂಶದಲ್ಲಿ ನಾನು ಹುಟ್ಟಿದವನಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿ ಶಾರದೆಗೆ ಇದು ಪೂರ್ತಿ ಮನದಟ್ಟಾಗಿಲ್ಲ. ಮೊನ್ನೆ ತುಮಕೂರಿನ ನಮ್ಮ ಬೀದಿಗೆ ‘ಹಳೇ ಕಬ್ಬಿಣ, ಹಳೇ ಪೇಪರ್, ಖಾಲಿ ಬಾಟ್ಲಿ’ ಎಂದು ಮೈಕಿನಲ್ಲಿ ಕೂಗಿಸಿಕೊಂಡು ಗುಜರಿ ಗಾಡಿ ಬಂತು. ಇವಳು ಅಟ್ಟದ ಮೇಲಿದ್ದ ಹಳೆಯ ಉದ್ದ ಕೊಡೆಯನ್ನು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದವನು ಒಂದು ಕೆನ್ನೆಯ ನೊರೆಯ ಸಮೇತ ಹಿಂದೆಯೇ ಓಡಿದೆ.

“ರೀ, ಇದ್ರಲ್ಲಿ ಬಟ್ಟೆ ಇಲ್ಲ, ಹಿಡಿ ಇಲ್ಲ. ಏನ್ ಮಾಡ್ತೀರ ಇಟ್ಕೊಂಡು?”

“ಕಡ್ಡಿ ಇದೆಯಲ್ಲೇ.”

ಗುಜರಿಯವನು ನನ್ನ ಮುಖವನ್ನೂ ಕೊಡೆಯನ್ನೂ ನೋಡಿದ. “ಇಟ್ಕಳಿ ಸಾರ್, ಬುಡಿ. ನನ್ ತಾವ ಇನ್ನೂ ಎಲ್ಡು ಅವೆ, ಬೇಕಾ?” ಎಂದ. ತಮಾಷೆಗೆ ಕೇಳಿದ್ದು. ಅವೆರಡನ್ನೂ ನಾನು ತೆಗೆದುಕೊಂಡೆ. ಶಾರದೆ ಅವತ್ತು ತಿಂಡಿಯ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಕಡ್ಡಿಯಲ್ಲಿ ಏನಿದೆ ಎಂದು ನೀವೂ ಕೇಳುತ್ತೀರಿ. ಹೇಳಬೇಕಾದರೆ ಗುಬ್ಬಿಯ ನಮ್ಮ ದೊಡ್ಡಪ್ಪನಿಂದಲೇ ಶುರುಮಾಡಬೇಕು. ದೊಡ್ಡಪ್ಪ ಅಕ್ಕಸಾಲಿ. ಅದರಲ್ಲೂ ಒಡವೆಯ ಮೇಲೆ ಬಳ್ಳಿ, ಹೂವು, ಹಕ್ಕಿ ಕೊರೆಯುವ ಕೆಲಸ ಅವರದು. ಬೇರೆ ಅಕ್ಕಸಾಲಿಗಳು ಒಡವೆ ಮಾಡಿ ಮುಗಿಸಿ, ಕೊರೆಯುವುದಕ್ಕೆ ಮಾತ್ರ ಇವರ ಹತ್ತಿರ ತರುತ್ತಿದ್ದರು. ಅವರ ತಮ್ಮ, ಅಂದರೆ ನಮ್ಮಪ್ಪ, ಸ್ಕೂಲ್ ಮೇಷ್ಟ್ರಾದರು. ನಾನು ಗುಮಾಸ್ತನಾದೆ. ಕೈಕೆಲಸ ದೊಡ್ಡಪ್ಪನಲ್ಲೇ ನಿಂತುಹೋಯಿತು. ನನಗೆ ಬಂದದ್ದು ಅವರ ಮಾತು ಮತ್ತು ಹಳೆಯ ಸಾಮಾನು ಬಿಸಾಡಲಾರದ ಕಾಯಿಲೆ.

ದೊಡ್ಡಪ್ಪ ಜೀವಮಾನದಲ್ಲಿ ಉಳಿಯೊಂದನ್ನು ಅಂಗಡಿಯಿಂದ ಕೊಂಡು ತಂದದ್ದನ್ನು ನಾನು ಕಂಡಿಲ್ಲ. “ಅಂಗ್ಡೀಲಿ ಕೊಂಡ ಉಳಿ ಅಂಗ್ಡಿಯೋನ್ ಮಾತು ಕೇಳ್ತದೆ ಕಣ್ಲಾ, ನೀನು ಮಾಡಿದ್ದು ನಿನ್ ಮಾತು ಕೇಳ್ತದೆ” ಎನ್ನುತ್ತಿದ್ದರು. ಸವೆದ ಮುಮ್ಮೂಲೆ ಅರ, ತುಂಡಾದ ಗರಗಸದ ಬ್ಲೇಡು, ಹೊಲಿಗೆ ಮಿಷನ್ನಿನ ಮುರಿದ ಸೂಜಿ, ಸೈಕಲ್ ಕಡ್ಡಿ ಎಲ್ಲವೂ ಅವರ ಕೈಯಲ್ಲಿ ಉಳಿಯಾಗುತ್ತಿದ್ದವು. ಅವರ ಮನೆಗೆ ಬಂದ ನೆಂಟರು ಏನನ್ನಾದರೂ ಮುರಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಸಂತೋಷವಾಗುತ್ತಿತ್ತು.

ಉಳಿಗೆ ಹಿಡಿ ಬೇಕಲ್ಲ. ಕೊರೆಯುವ ಉಳಿಯನ್ನು ಸುತ್ತಿಗೆಯಿಂದ ಹೊಡೆಯುವುದಿಲ್ಲ, ಅಂಗೈಯಿಂದ ದೂಡುವುದು. ಹಾಗಾಗಿ ಹಿಡಿ ದುಂಡಗೆ ಅಂಗೈಯ ಗುಳಿಯಲ್ಲಿ ಕೂರಬೇಕು. ಅದಕ್ಕೆ ಬುಗುರಿಯಷ್ಟು ಒಳ್ಳೆಯದು ಬೇರೆ ಇಲ್ಲ. ಮೊಳೆ ಕಿತ್ತು, ಆ ತೂತಿಗೇ ಉಳಿಯನ್ನು ಬಡಿದು ಕೂರಿಸಿದರೆ ಆಯಿತು. ಬೇಸಿಗೆ ರಜೆಗೆ ಗುಬ್ಬಿಗೆ ಹೋದಾಗ ನಮ್ಮ ಬುಗುರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ನಾವು ಮಕ್ಕಳು ಒಬ್ಬರ ಮೇಲೊಬ್ಬರು ಕಳ್ಳತನದ ಗುಮಾನಿ ಪಟ್ಟು ಹೊಡೆದಾಡಿಕೊಂಡ ಮೇಲೆ, ಅವು ದೊಡ್ಡಪ್ಪನ ಮಣೆಯ ಪಕ್ಕದಲ್ಲಿ ಬಾಲ ಬಂದಂತೆ ಸಾಲಾಗಿ ಕೂತಿರುತ್ತಿದ್ದವು.

ದೊಡ್ಡಮ್ಮನಿಗೂ ಇದೇ ಗತಿ. ಉಳಿಯ ಮೂತಿಯನ್ನು ದೊಡ್ಡಪ್ಪ ಮೊದಲು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೀಡುತ್ತಿದ್ದರು. ಆಮೇಲೆ ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ಅದರ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದರ ಮೇಲೆ. ಕಡೆಗೆ ಸೊಂಟದ ಬೆಲ್ಟಿನ ಮೇಲೆ. ಭರಣಿ ಬೋರಲು ಹಾಕುವ ಮುಂಚೆ ಒಳಗೆ ಉಪ್ಪಿನಕಾಯಿ ಇದೆಯೇ ಎಂದು ನೋಡುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ.

ಒಡವೆಯನ್ನು ಅಲುಗದಂತೆ ಹಿಡಿಯಲು ಅರ್ಧ ತೆಂಗಿನ ಚಿಪ್ಪು. ಅದರ ತುಂಬ ಅರಗು ಮತ್ತು ಇಟ್ಟಿಗೆ ಪುಡಿ ಕಾಯಿಸಿ ಸುರಿದು, ಬೆಚ್ಚಗಿರುವಾಗಲೇ ಒಡವೆಯನ್ನು ಅದರಲ್ಲಿ ಕೂರಿಸುವುದು. ಆ ಚಿಪ್ಪನ್ನು ಹೆಂಗಸರು ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಯ ಮೇಲಿಟ್ಟರೆ ಎತ್ತ ಬೇಕಾದರೂ ತಿರುಗುತ್ತದೆ, ಆದರೆ ಜಾರುವುದಿಲ್ಲ. ಬಳ್ಳಿ ಬಳುಕಬೇಕಾದಾಗ ದೊಡ್ಡಪ್ಪ ಉಳಿಯನ್ನು ತಿರುಗಿಸುತ್ತಿರಲಿಲ್ಲ, ಎಡಗೈಯಿಂದ ಚಿಪ್ಪನ್ನು ತಿರುಗಿಸುತ್ತಿದ್ದರು.

ಇನ್ನು ಹದ. ಉಕ್ಕನ್ನು ದಾಸವಾಳದ ಕೆಂಪಿಗೆ ಕಾಯಿಸಿ ಹೊಂಗೆ ಎಣ್ಣೆಗೆ ಅದ್ದಿದರೆ ಗಾಜಿನಷ್ಟು ಗಟ್ಟಿಯಾಗುತ್ತದೆ. ಗಾಜಿನಂತೆಯೇ ಒಡೆಯುತ್ತದೆ ಕೂಡ. ಅದಕ್ಕೇ ಎರಡನೆಯ ಸಲ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಉಜ್ಜಿದ ತುದಿ ಹೊಸ ತುಪ್ಪದ ಬಣ್ಣಕ್ಕೆ ತಿರುಗಿದೊಡನೆ ತೆಗೆದುಬಿಡಬೇಕು. ಬದನೆಕಾಯಿ ಬಣ್ಣಕ್ಕೆ ಹೋಯಿತೋ, ಕೆಟ್ಟಿತು, ಬೆಳ್ಳಿಯ ಮುಂದೆ ಅದು ಬಾಗುತ್ತದೆ. ಈ ವಿದ್ಯೆಯನ್ನು ನಾನು ನಮ್ಮ ಗ್ಯಾಸ್ ಒಲೆಯ ಮೇಲೆ ಪ್ರಯೋಗಿಸಿದ್ದೇನೆ. ನನ್ನ ಬಹುಪಾಲು ಉಳಿಗಳು ಬದನೆಕಾಯಿ ಜಾತಿಯವು.

ಈಗ ಕೊಡೆಕಡ್ಡಿ. ಹಳೆಯ ಉದ್ದ ಕೊಡೆಯ ಕಡ್ಡಿ ದುಂಡಗಿರುವುದಿಲ್ಲ. ಉದ್ದಕ್ಕೂ ಕಾಲುವೆ ತೋಡಿದಂತಿರುತ್ತದೆ. ಅದನ್ನು ಬೆರಳುದ್ದಕ್ಕೆ ಕತ್ತರಿಸಿ ತುದಿಯನ್ನು ನುಣುಪು ಮಾಡಿದರೆ, ತಾನಾಗಿಯೇ ಒಂದು ಪುಟ್ಟ ಅರ್ಧಚಂದ್ರ. ಇದು ದೂಡಿ ಕೊರೆಯುವ ಉಳಿಯಲ್ಲ, ಅಚ್ಚೊತ್ತುವ ಉಳಿ. ಬೆಳ್ಳಿಯ ಮೇಲಿಟ್ಟು ಮೆಲ್ಲಗೆ ಸುತ್ತಿಗೆ ತಾಗಿಸಿದರೆ ಹೂವಿನ ಎಸಳಿನ ಅಂಚು, ಹಕ್ಕಿಯ ರೆಕ್ಕೆ, ಮೀನಿನ ಪೊರೆ, ಏನು ಬೇಕಾದರೂ ಆಗುತ್ತದೆ. ದೊಡ್ಡಪ್ಪ ಹೀಗೊಂದು ಮಾಡಿ, ಎಣ್ಣೆಗೆ ಅದ್ದಿ, ಇನ್ನೇನು ತುಪ್ಪದ ಬಣ್ಣಕ್ಕೆ ತರಬೇಕು ಅನ್ನುವಾಗ ಒಳಗಿನಿಂದ ಊಟಕ್ಕೆ ಕರೆದರಂತೆ. ಮುದ್ದೆ ಆರಬಾರದು. ಎದ್ದು ಹೋದರು. ಉಂಡು ಬಂದವರು ಎರಡನೆಯ ಬಿಸಿಯನ್ನು ಮರೆತು ಹಾಗೆಯೇ ಸುತ್ತಿಗೆ ಹಾಕಿದರು. ಚಂದ್ರನ ಒಂದು ಕೊಂಬು ಟಣ್ ಎಂದು ಹಾರಿಹೋಯಿತು. ಬೇರೆಯವರಾಗಿದ್ದರೆ ಅರದಿಂದ ತೀಡಿ ಸರಿಮಾಡುತ್ತಿದ್ದರು. ದೊಡ್ಡಪ್ಪ, “ಇರ್ಲಿ ಬುಡು, ಮುದ್ದೆ ತಿಂದಿದ್ದಕ್ಕೆ ಗುರ್ತು” ಎಂದು ಅದರಲ್ಲೇ ಕೊನೆಯವರೆಗೂ ಕೆಲಸ ಮಾಡಿದರು. ಮಕ್ಕಳಾದ ನಾವು ಅದನ್ನು ಮುಕ್ಕುಚಂದ್ರ ಎಂದು ಕರೆಯುತ್ತಿದ್ದೆವು.

ದೊಡ್ಡಪ್ಪ ಹೋದ ಮೇಲೆ ಅವರ ಸಾಮಾನಿನಲ್ಲಿ ಒಂದಿಷ್ಟನ್ನು ನಾನು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಕೊಂಡು ತಂದಿದ್ದೆ. ಅದು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ಕೂತಿತ್ತು. ಹೋದ ವರ್ಷ ಗಂಗಕ್ಕನ ಫೋನು ಬರುವವರೆಗೆ.

ಗಂಗಕ್ಕ ದೊಡ್ಡಪ್ಪನ ಒಬ್ಬಳೇ ಮಗಳು, ನನಗಿಂತ ಸಾಕಷ್ಟು ದೊಡ್ಡವಳು, ಕುಣಿಗಲ್ಲಿಗೆ ಕೊಟ್ಟಿದೆ. ಅವಳ ಮದುವೆಗೆ ದೊಡ್ಡಪ್ಪ ತಾವೇ ಒಂದು ಬೆಳ್ಳಿಯ ಜಡೆಬಿಲ್ಲೆ ಮಾಡಿದ್ದರು. ಜಡೆಯ ಮೇಲೆ ಮುಡಿಯುವ ದುಂಡನೆಯ ಬಿಲ್ಲೆ. ಮುಂದುಗಡೆ ಕಮಲ, ಹಿಂದುಗಡೆ ಯಾರಿಗೂ ಕಾಣದ ಹಾಗೆ ಒಂದು ಗಿಣಿ. ಅದು ನಮ್ಮ ಮನೆತನದ ಪದ್ಧತಿ. ಮನೆಮಗಳಿಗೆ ಮಾಡಿದ ಒಡವೆಯ ಬೆನ್ನಿಗೆ ಅವಳದೇ ಒಂದು ಗುರುತು ಕೊರೆಯುತ್ತಿದ್ದರು. ಒಬ್ಬಳಿಗೆ ಮಾವಿನಕಾಯಿ, ಒಬ್ಬಳಿಗೆ ನವಿಲುಗರಿ. ಗಂಗಕ್ಕ ವಾಚಾಳಿಯಾದ್ದರಿಂದ ಅವಳಿಗೆ ಗಿಣಿ.

“ಏನ್ಲಾ ನಂಜುಂಡ, ಬದ್ಕಿದೀಯೇನ್ಲಾ?” ಎಂದು ಶುರುವಾಯಿತು ಫೋನು. “ನನ್ ಬಿಲ್ಲೆ ಹೋಯ್ತು ಕಣೋ. ನಮ್ಮಪ್ಪನ್ ಬಿಲ್ಲೆ. ನನ್ ಸೊಸೆ ಪಾಲಿಶ್ ಮಾಡಿಸ್ಕೊಂಡ್ ಬತ್ತೀನಿ ಅಂತ ತುಮ್ಕೂರಿಗೆ ತಕ್ಕೊಂಡ್ ಹೋದ್ಲು. ತಂದಿರೋದು ಬ್ಯಾರೆ. ಹಿಂದ್ಗಡೆ ಗಿಣಿನೇ ಇಲ್ಲ!”

“ಅಂಗಡಿಯೋರು ಅದಲು ಬದಲು ಮಾಡಿರ್ತಾರಾ ಅಕ್ಕ?”

“ಅಂಗ್ಡಿಯೋರೋ, ಇವ್ಳೋ, ಯಾರಿಗ್ ಗೊತ್ತು? ಸೋಮ್ವಾರ ಯಡಿಯೂರಿಗೆ ಕರ್ಕೊಂಡ್ ಹೋಯ್ತೀನಿ. ಸ್ವಾಮಿ ಮುಂದೆ ಕೈಯಿಟ್ಟು ಆಣೆ ಮಾಡ್ಲಿ.”

ಹಿಂದಿನಿಂದ ಸೊಸೆ ಲತಾಳ ದನಿ ಕೇಳಿಸಿತು. “ಮಾಡ್ತೀನಿ ಮಾವ, ಆಣೆ ಮಾಡ್ತೀನಿ. ಮಾಡ್ಬುಟ್ಟು ಅಲ್ಲಿಂದ್ಲೇ ನಿಟ್ಟೂರಿಗೆ ಹೋಯ್ತೀನಿ. ಬ್ಯಾಗ್ ತುಂಬಿಟ್ಟಿದೀನಿ.”

ನಿಟ್ಟೂರು ಅವಳ ತವರು. ಲತಾ ಮಾತಿಗೆ ಮುಂಚೆ ಬ್ಯಾಗು ತುಂಬುವ ಹೆಣ್ಣಲ್ಲ. ಗಂಗಕ್ಕನ ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ ಆಸ್ಪತ್ರೆಯಲ್ಲಿ ಜೊತೆಗಿದ್ದವಳು, ಹೊತ್ತುಹೊತ್ತಿಗೆ ಔಷಧ ಬಿಟ್ಟವಳು ಅವಳೇ. ಅಂಥವಳನ್ನು ದೇವರ ಮುಂದೆ ನಿಲ್ಲಿಸಿ ಕಳ್ಳಿಯೋ ಅಲ್ಲವೋ ಎಂದು ಕೇಳಿದರೆ, ಅವಳು ಅಲ್ಲ ಎಂದು ಗೆದ್ದರೂ ಆ ಮನೆಗೆ ವಾಪಸು ಬರುವುದು ಹೇಗೆ? ಗಂಗಕ್ಕನ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. “ಅವ್ನಾ? ಹೆಲ್ಮೆಟ್ ಹಾಕ್ಕೊಂಡು ಆಚೆಗೋದೋನು ಇನ್ನೂ ಬಂದಿಲ್ಲ” ಎಂದಳು ಗಂಗಕ್ಕ.

ಬಿಲ್ಲೆ ಬದಲಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ನನಗೆ ತೋಚಿದ್ದು ಒಂದೇ ದಾರಿ. ಕಮಲದ ಎಸಳಿನ ಅಂಚಿಗೆಲ್ಲ ದೊಡ್ಡಪ್ಪ ಕೊಡೆಕಡ್ಡಿಯ ಚಂದ್ರನನ್ನೇ ಒತ್ತಿದ್ದರು. ಅಂಗಡಿಯ ಉಳಿಗಳಾದರೆ ಎಲ್ಲ ಒಂದೇ ಅಚ್ಚು. ಮುದ್ದೆಯ ದೆಸೆಯಿಂದ ಕೊಂಬು ಮುರಿದ ಚಂದ್ರ ಇಡೀ ಜಗತ್ತಿನಲ್ಲಿ ನಮ್ಮ ಡಬ್ಬದಲ್ಲಿ ಮಾತ್ರ ಇದೆ.

ಡಬ್ಬ ತೆರೆದರೆ ಮುಕ್ಕುಚಂದ್ರ ಇಲ್ಲ!

ಅಟ್ಟ ಹುಡುಕಿದೆ, ಬೀರು ಹುಡುಕಿದೆ. ಮನೆಯನ್ನೆಲ್ಲ ತಲೆಕೆಳಗು ಮಾಡಿ ಅಡುಗೆಮನೆಗೆ ಬಂದರೆ ಶಾರದೆ ಕಾಫಿಪುಡಿ ಡಬ್ಬದ ಮುಚ್ಚಳವನ್ನು ಒಂದು ಕಬ್ಬಿಣದ ತುಂಡಿನಿಂದ ಮೀಟುತ್ತಿದ್ದಾಳೆ.

“ಏನೇ ಅದು?”

“ಇದಾ? ನಿಮ್ ಗುಜರಿ ಡಬ್ಬದಲ್ಲಿ ಇತ್ತು. ಅದ್ರಲ್ಲಿ ಕೆಲಸಕ್ಕೆ ಬರೋದು ಇದೊಂದೇ.”

ಪುಣ್ಯಕ್ಕೆ ಸುತ್ತಿಗೆ ಏಟು ತಿಂದು ಚಪ್ಪಟೆಯಾದ ಹಿಂಬದಿಯಿಂದ ಮೀಟುತ್ತಿದ್ದಳು. ಚಂದ್ರನಿಗೆ ಏನೂ ಆಗಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಕುಣಿಗಲ್ ಬಸ್ಸು ಹತ್ತಿದೆ.

ಮನೆಯಲ್ಲಿ ಅತ್ತೆ ನಡುಮನೆಯಲ್ಲಿ, ಸೊಸೆ ಅಡುಗೆಮನೆಯಲ್ಲಿ. ಬೀರುವಿನ ಮೇಲೆ ಉಬ್ಬಿದ ಬ್ಯಾಗು. ನಾನು ಬಟ್ಟೆ ಸೋಪು ಒಂದು ಕೊಡಿ ಎಂದೆ. ಗಂಗಕ್ಕ, “ಯಾಕ್ಲಾ, ತುಮ್ಕೂರಲ್ಲಿ ನೀರಿಲ್ವ?” ಎಂದಳು. ಸೋಪಿನ ಮೇಲೆ ಮುಕ್ಕುಚಂದ್ರನನ್ನು ಒತ್ತಿದೆ. ಒಂದು ಕೊಂಬು ಉದ್ದ, ಒಂದು ಕೊಂಬು ಮೋಟು. ಬಿಲ್ಲೆಯನ್ನು ಪಕ್ಕದಲ್ಲಿಟ್ಟು, “ಲತಾ, ನಿನ್ನ ಫೋನಲ್ಲಿ ಎರಡರದೂ ಫೋಟೋ ತೆಗಿಯಮ್ಮ, ದೊಡ್ಡದು ಮಾಡಿ ಅತ್ತೆಗೆ ತೋರಿಸು” ಎಂದೆ.

ಲತಾ ತೆಗೆದಳು, ಬೆರಳಿನಿಂದ ಹಿಗ್ಗಿಸಿದಳು, ನೋಡಿದಳು. ಫೋನನ್ನು ಅತ್ತೆಯ ಮುಂದೆ ಹಿಡಿದಳು. ಕಮಲದ ಸುತ್ತ ಸಾಲುಸಾಲಾಗಿ ಚಂದ್ರರು, ಪ್ರತಿಯೊಬ್ಬನಿಗೂ ಅದೇ ಬದಿಯ ಕೊಂಬು ಮೋಟು.

ಗಂಗಕ್ಕ ಸೋಪನ್ನೂ ಫೋನನ್ನೂ ನೋಡಿದಳು. ಆಮೇಲೆ ಮುಕ್ಕುಚಂದ್ರನನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

“ಅವತ್ತು ಮುದ್ದೆ ತಿರುವಿದ್ದು ನಾನೇ ಕಣೋ. ಅಪ್ಪಾ ಬಾ, ಆರೋಯ್ತದೆ ಅಂತ ಕೂಗ್ದೋಳೂ ನಾನೇ.” ಬಿಲ್ಲೆಯ ಬೆನ್ನು ತಿರುಗಿಸಿ, “ಹಂಗಾರೆ ಗಿಣಿ ಎಲ್ಲೋಯ್ತು?” ಎಂದಳು.

“ಅಕ್ಕ, ಬಿಲ್ಲೇನ ಯಾವುದರಲ್ಲಿ ತೊಳೀತೀಯ?”

“ಇಬೂತೀಲಿ. ಬೆಳ್ಳಿಗೆ ಇನ್ಯಾತ್ರಲ್ಲಿ ಉಜ್ತಾರೆ? ಗೌರಿ ಹಬ್ಬಕ್ಕೆ, ದೀಪಾವಳಿಗೆ, ಮನೇಲಿ ಮದ್ವೆ ಮುಂಜಿ ಅಂದ್ರೆ.”

“ಹಿಂದುಗಡೆ?”

“ಹಿಂದ್ಗಡೆನೇ ಜಾಸ್ತಿ ಉಜ್ಬೇಕು. ಜಡೆ ಎಣ್ಣೆ ಜಿಡ್ಡು ಅಂಟ್ಕಂಡಿರ್ತ...”

ಮದುವೆಯಾದಂದಿನಿಂದ ಹಬ್ಬಹಬ್ಬಕ್ಕೂ ವಿಭೂತಿ ಹಾಕಿ, ಅಪ್ಪ ಕೊಟ್ಟದ್ದು ಹೊಳೆಯಲಿ ಎಂದು ಬೆನ್ನು ತಿಕ್ಕಿ ತಿಕ್ಕಿ, ಗಿಣಿಯನ್ನು ಅವಳೇ ಹಾರಿಸಿಬಿಟ್ಟಿದ್ದಳು. ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷ ಅದು ಮಸುಕಾದದ್ದೇ ಕಂಡಿರಲಿಲ್ಲ. ಆಪರೇಷನ್ ಆಗಿ ಕಣ್ಣು ತಿಳಿಯಾದ ಮೇಲೆ ಮೊದಲು ನೋಡಿದ್ದು ಪಾಲಿಶ್ ಆಗಿ ಬಂದ ಬಿಲ್ಲೆಯನ್ನು. ಬೆಳಕಿಗೆ ಓರೆಯಾಗಿ ಹಿಡಿದರೆ ಗಿಣಿಯ ಕೊಕ್ಕಿನ ಒಂದು ಸಣ್ಣ ಗೀರು ಮಾತ್ರ ಉಳಿದಿತ್ತು.

ಗಂಗಕ್ಕ ಎದ್ದು ಹೋಗಿ ತಟ್ಟೆಯಲ್ಲಿ ಚಕ್ಕುಲಿ ತಂದಿಟ್ಟಳು. ಗೋಡೆಯ ಕಡೆ ನೋಡಿಕೊಂಡು, “ಸೋಮ್ವಾರ ಯಡಿಯೂರಿಗೆ ಬ್ಯಾಡ ಬುಡು. ಬಿಸ್ಲು ಜಾಸ್ತಿ” ಎಂದಳು.

“ನಂಗೇನ್ ಬಿಸ್ಲಿಲ್ಲ ಅತ್ತೆ” ಎಂದು ಲತಾ ಒಳಕ್ಕೆ ಹೋದಳು. ಬ್ಯಾಗು ಬೀರುವಿನ ಮೇಲೇ ಇತ್ತು.

ನಾನು ಹೊರಡುವಾಗ ಗಂಗಕ್ಕ ಬಾಗಿಲ ತನಕ ಬಂದು ಬಿಲ್ಲೆಯನ್ನು ನನ್ನ ಜೇಬಿಗೆ ತುರುಕಿದಳು. “ಗಿಣಿ ಕೊರ್ದು ತಕ್ಕೊಂಡ್ ಬಾ.”

“ನಾನಾ? ಅಕ್ಕ, ನನಗೆ ಪೆನ್ಸಿಲ್ ಚೂಪು ಮಾಡೋಕೂ ಸರಿಯಾಗಿ ಬರಲ್ಲ. ಬೆನ್ನು ಬೇರೆ ಸವೆದು ತೆಳ್ಳಗಾಗಿದೆ. ಉಳಿ ಒತ್ತಿದ್ರೆ ತೂತಾಗುತ್ತೆ.”

“ಅದ್ಕೇ ಅಂಗ್ಡಿಗೆ ಕೊಡ್ದೆ ನಿಂಗೆ ಕೊಡ್ತಿರೋದು. ತೂತಾದ್ರೆ ಮನೆಯೋನು ಮಾಡಿದ್ದು ಅಂತ ಸುಮ್ಕಿರ್ತೀನಿ” ಎಂದಳು. ಆಮೇಲೆ ದನಿ ತಗ್ಗಿಸಿ, “ಗಿಣಿ ಇಲ್ದೆ ಬರೀ ಕೈಲಿ ಅವಳ್ ತಾವ ಏನಂತ ಮಾತಾಡ್ಲೋ?” ಎಂದಳು.

ಹೀಗೆ ನಾನು ಉಳಿ ಮಾಡುವುದಕ್ಕೆ ಕೂತೆ. ಗೋಡೆಗೆ ಹೊಡೆಯುವ ಕಾಂಕ್ರೀಟ್ ಮೊಳೆ ತಂದೆ. ಅದು ಕಾರ್ಖಾನೆಯಿಂದಲೇ ಗಟ್ಟಿಯಾಗಿ ಬರುತ್ತದೆ, ನನ್ನ ಬದನೆಕಾಯಿ ಹದಕ್ಕೆ ಕೆಲಸವಿಲ್ಲ. ಕಲ್ಲಿನ ಮೇಲೆ ನೀರು ಹಾಕುತ್ತ ತೀಡಿ, ಮೂತಿಯನ್ನು ಓರೆ ಮಾಡಿದೆ. ಭರಣಿಯನ್ನು ಒಳಗೆ ನೋಡಿಯೇ ಬೋರಲು ಹಾಕಿದೆ. ಬುಗುರಿಗೆ ಮಾತ್ರ ಊರೆಲ್ಲ ಅಲೆದೆ. ಮರದ ಬುಗುರಿ ಕೇಳಿದರೆ ಅಂಗಡಿಯವರು ದೀಪ ಹತ್ತಿಕೊಂಡು ಹಾಡುವ ಪ್ಲಾಸ್ಟಿಕ್ ಬುಗುರಿ ಕೊಡುತ್ತಾರೆ. ಕಡೆಗೆ ಶಾರದೆ ಊರಿಗೆ ಹೋದಾಗ ಲಟ್ಟಣಿಗೆಯ ಒಂದು ತುದಿಯ ಗುಂಡನ್ನು ಕೊಯ್ದುಬಿಟ್ಟೆ. ಅವಳು ವಾಪಸು ಬಂದು ಒಂದೇ ಕಿವಿಯ ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದು ನಿಂತಾಗ, ನಾನು ಚಪಾತಿಗಿಂತ ದೋಸೆಯೇ ಆರೋಗ್ಯಕ್ಕೆ ಒಳ್ಳೆಯದು ಎಂಬ ವಿಷಯವನ್ನು ಎತ್ತಿದೆ.

ಆದರೂ ಅರಗು ಸಿಗದೆ ನಾನು ತಲೆಗೆ ಕೈಹೊತ್ತು ಕೂತಾಗ ದಾರಿ ತೋರಿಸಿದವಳು ಅವಳೇ. “ಗಟ್ಟಿಯಾಗ್ಬೇಕು, ಆಮೇಲೆ ಬಿಡಬೇಕು, ಅಷ್ಟೇ ತಾನೆ? ಕಡಲೆಮಿಠಾಯಿ ಪಾಕ ಮಾಡ್ಕೊಡ್ತೀನಿ. ಬಿಸಿನೀರಿಗೆ ಹಾಕಿದ್ರೆ ಕರಗುತ್ತೆ.” ಬೆಲ್ಲದ ಪಾಕ ತೆಗೆದು, ತಣ್ಣೀರಿಗೆ ಹನಿ ಬಿಟ್ಟು, ಅದು ಟಕ್ಕೆಂದು ಮುರಿಯುವುದನ್ನು ನೋಡಿ ಚಿಪ್ಪಿಗೆ ಸುರಿದಳು. ನಾನು ಇಟ್ಟಿಗೆ ಪುಡಿ ಬೆರೆಸಿದೆ. “ಅಯ್ಯೋ, ಒಳ್ಳೆ ಪಾಕಕ್ಕೆ!” ಎಂದು ಅವಳು ಮುಖ ತಿರುಗಿಸಿದಳು. ಬಿಲ್ಲೆಯನ್ನು ಕಮಲ ಕೆಳಗಾಗಿ ಕೂರಿಸಿದೆವು. ಕಲ್ಲಿನಂತೆ ಹಿಡಿಯಿತು. ಅದು ಆರಲೆಂದು ಬಿಟ್ಟು ಪೇಪರ್ ಓದಿ ಬರುವಷ್ಟರಲ್ಲಿ ಇರುವೆಗಳ ಸಾಲು ಕಿಟಕಿಯಿಂದ ಚಿಪ್ಪಿನವರೆಗೆ. ಚಿಪ್ಪನ್ನು ಸಿಂಬೆಯ ಮೇಲೆ, ಸಿಂಬೆಯನ್ನು ನೀರು ತುಂಬಿದ ತಟ್ಟೆಯ ನಡುವಿನ ಬೋರಲು ಬಟ್ಟಲ ಮೇಲೆ ಇಟ್ಟು ಕೆಲಸ ಮಾಡಿದ ಅಕ್ಕಸಾಲಿ ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಹಳೆಯ ತಾಮ್ರದ ಚೊಂಬಿನ ತಳದಲ್ಲಿ ಮೊದಲು ಗಿಣಿಗಳನ್ನು ಅಭ್ಯಾಸ ಮಾಡಿದೆ. ಆ ಚೊಂಬಿನ ತಳ ಈಗ ಒಂದು ಪಕ್ಷಿಧಾಮ. ಆಮೇಲೆ ಬಿಲ್ಲೆಯ ಮುಂದೆ ಕೂತೆ. ಉಳಿದ ಆ ಕೊಕ್ಕಿನ ಗೀರಿನಿಂದಲೇ ಶುರುಮಾಡಿದೆ. ಒತ್ತಬಾರದು, ದೂಡಬೇಕು. ಉಳಿ ನಿಲ್ಲಿಸಿ, ಚಿಪ್ಪು ತಿರುಗಿಸಬೇಕು. ಒಂದು ಕಡೆ ಉಳಿ ಜಾರಿ ಕತ್ತಿನ ಮೇಲೆ ಬೇಡದ ಗೆರೆ ಬಿತ್ತು. ಅದನ್ನು ಜುಟ್ಟು ಮಾಡಿದೆ. ಬಾಲ ಉದ್ದ ಬಿಟ್ಟರೆ ತೆಳುವಾದ ಅಂಚಿಗೆ ಹೋಗುತ್ತದೆಂದು ಹೆದರಿ ಗಿಡ್ಡ ಮಾಡಿದೆ. ರೆಕ್ಕೆಗೆ ಮಾತ್ರ ಮುಕ್ಕುಚಂದ್ರನನ್ನು ಉಸಿರು ಬಿಗಿಹಿಡಿದು ಮೆಲ್ಲಗೆ ಒತ್ತಿದೆ. ಬಿಲ್ಲೆ ತೂತಾಗಲಿಲ್ಲ. ಬಿಸಿನೀರಿಗೆ ಹಾಕಿದಾಗ ಬೆಲ್ಲ ಕರಗಿ ಬಿಲ್ಲೆ ಕೈಗೆ ಬಂತು.

ಕುಣಿಗಲ್ಲಿಗೆ ಈ ಸಲ ಶಾರದೆಯೂ ಬಂದಳು. ಬ್ಯಾಗು ಬೀರುವಿನ ಮೇಲೆ ಹಾಗೆಯೇ ಇತ್ತು. ಗಂಗಕ್ಕ ಬಿಲ್ಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ಹೊಸ ಕಣ್ಣಿನಿಂದ ನೋಡಿದಳು.

“ಏನ್ಲಾ ಇದು?”

“ಗಿಣಿ.”

“ಗಿಣೀಗೆ ಜುಟ್ಟೈತೇನ್ಲಾ? ಬಾಲ ಎಲ್ಲೋ? ಕೋಳಿ ಕಣೋ ಇದು! ನಮ್ಮಪ್ಪ ಗಿಣಿ ಕೊಟ್ರೆ ನೀನು ನಾಟಿಕೋಳಿ ಕೊಟ್ಟಿದೀಯಲ್ಲೋ!”

ಶಾರದೆ ಮೊದಲು ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ಲತಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗಂಗಕ್ಕ ಅವಳತ್ತ ತಿರುಗಿ, ಸಿಟ್ಟಿನ ದನಿಯಲ್ಲೇ, “ಅಲ್ಲೇನ್ ನಿಂತಿದೀಯ, ಬಾ ಇಲ್ಲಿ. ಹಿಡಿ” ಎಂದು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. “ಇನ್ಮ್ಯಾಕೆ ಇದು ನಿಂದು. ಹಬ್ಬ ಬಂತು ಅಂತ ಇಬೂತಿ ಹಾಕಿ ತಿಕ್ಬ್ಯಾಡ ಕಣಮ್ಮಿ. ಕೋಳಿನೂ ಹೋಗ್ಬುಡ್ತದೆ.”

ಇಷ್ಟು ವರ್ಷ ತಿಕ್ಕಿದವಳು ತಾನಲ್ಲ, ಸೊಸೆಯೇ ಏನೋ ಅನ್ನುವ ಹಾಗೆ ಹೇಳಿದಳು. ನಾನು ಲತಾಳ ಮುಖ ನೋಡಿದೆ. ಅವಳು ಬೆರಳು ಬಿಡಿಸಿ, ಬಿಲ್ಲೆಯನ್ನು ಬೋರಲು ಮಾಡಿ, ಹೆಬ್ಬೆರಳಿನಿಂದ ರೆಕ್ಕೆಯ ಮೇಲೆ ಒಮ್ಮೆ ಸವರಿದಳು.

“ಕೋಳಿನೇ ಇರ್ಲಿ ಬುಡಿ ಅತ್ತೆ. ನಮ್ಮನೇದು ಅಂತ ಗುರ್ತು ಸಿಗ್ತದಲ್ಲ” ಎಂದಳು.

ನಮ್ಮನೇದು ಎಂದದ್ದನ್ನು ಗಂಗಕ್ಕನೂ ಕೇಳಿಸಿಕೊಂಡಳು. ಕೇಳಿಸಲಿಲ್ಲ ಎನ್ನುವಂತೆ ಸೆರಗಿನಿಂದ ಕಣ್ಣಿನ ಔಷಧವನ್ನು ಒರೆಸಿಕೊಂಡು, ಬೀರುವಿನ ಮೇಲಕ್ಕೆ ಕೈ ತೋರಿಸಿದಳು.

“ಹಂಗಾರೆ ಆ ಬ್ಯಾಗ್ ಇಳ್ಸು. ಅದ್ರಲ್ಲಿ ನನ್ ಒಳ್ಳೆ ಟವಲ್ಲು ಸೇರ್ಕಂಡೈತೆ.”